ಒರೆಯಲ್ಲೇ ತುಕ್ಕು ಹಿಡಿದ ಖಡ್ಗ

ಕೂಲಿಗಾಗಿ ಕೈ ಒಡ್ಡಿ ನಿಂತವನು ನ್ಯಾಯದ ಮಾತನಾಡುವುದು ಸಹಜ. ಅದೇ ಮನುಷ್ಯನು ಕೂಲಿ ಕೊಡುವ ಸ್ಥಾನಕ್ಕೆ ಬಂದಾಗಲೂ ಅದೇ ಮಾತನ್ನಾಡುತ್ತಾನೆಯೇ? ಈ ಪ್ರಶ್ನೆ ಹೊಸದೇನಲ್ಲ. ಪುಸ್ತಕಗಳಲ್ಲಿ ಓದಿದ್ದೇವೆ, ಭಾಷಣಗಳಲ್ಲಿ ಕೇಳಿದ್ದೇವೆ. ಆದರೆ ಅದು ನನ್ನದೇ ಮನೆಯ ಜಗಲಿಗೆ ಬಂದು ಕುಳಿತದ್ದು ಈಚೆಗೆ. ಆದ್ದರಿಂದಲೇ ಓದುಗ ಬಂಧುಗಳೊಂದಿಗೆ ಈ ನಾಲ್ಕು ಮಾತುಗಳನ್ನು ಹಂಚಿಕೊಳ್ಳುತ್ತಿದ್ದೇನೆ.

ನಮ್ಮ ಊರು ಶಿರಂಗಾಲ, ಕೊಡಗು ಜಿಲ್ಲೆಯ ಉತ್ತರದ ಅಂಚಿನಲ್ಲಿದೆ. ಕುಶಾಲನಗರದಿಂದ ಹೆಬ್ಬಾಲೆ, ತೊರೆನೂರು ದಾಟಿ ಬರುವ ರಸ್ತೆ ನಮ್ಮೂರನ್ನು ಹಾದು ಹಾಸನ ಜಿಲ್ಲೆಯ ಕೊಣನೂರಿನ ಕಡೆಗೆ ಹೋಗುತ್ತದೆ. ಪಕ್ಕದಲ್ಲೇ ಕಾವೇರಿ ಹರಿಯುತ್ತಾಳೆ. ಕೊಡಗೆಂದರೆ ಕಾಫಿಯ ಕಾಡು, ಬಿಡದ ಮಳೆ ಎಂದುಕೊಂಡು ಬರುವವರಿಗೆ ಇಲ್ಲಿ ಬಯಲು ಸಿಗುತ್ತದೆ. ಹಾರಂಗಿಯ ನಾಲೆ ನೀರು, ಭತ್ತದ ಗದ್ದೆ, ಮುಸುಕಿನ ಜೋಳ, ಶುಂಠಿ ಇಲ್ಲಿನ ಬದುಕು. ಕಾಫಿ ತೋಟಗಳು ಇರುವುದು ಇನ್ನೂ ಮೇಲೆ. ಕುಯ್ಲಿನ ಕಾಲದಲ್ಲಿ ಬೆಳಗಿನ ನಮಾಝ್ ಮುಗಿಸಿ ಹೊರಗೆ ಬರುವಷ್ಟರಲ್ಲಿ, ಆಳುಗಳನ್ನು ತುಂಬಿಕೊಂಡು ತೋಟಗಳ ಕಡೆಗೆ ಹೋಗುವ ಜೀಪುಗಳ ಸದ್ದು ಕೇಳುತ್ತದೆ. ಆ ಜೀಪಿನಲ್ಲಿ ಕುಳಿತು ಹೋದವರ ಮಕ್ಕಳು ಇಂದು ಸ್ವಂತ ಜೀಪು ಇಟ್ಟಿದ್ದಾರೆ, ಗುತ್ತಿಗೆ ಭೂಮಿ ಹಿಡಿದಿದ್ದಾರೆ, ಆಳು ಕರೆಸುತ್ತಾರೆ. ಅವರಲ್ಲಿ ನಾನೂ ಒಬ್ಬ.

ಹಳೆಯ ಚಿತ್ರದ ಕಥೆ

2025ರ ಆರಂಭದಲ್ಲಿ, ಬೆಂಗಳೂರಿನಲ್ಲಿ ಓದುತ್ತಿರುವ ನನ್ನ ತಂಗಿಯ ಮಗ ರಜೆಗೆ ಬಂದಿದ್ದ. "ಮಾಮಾ, ಇದು ಕೂಲಿಕಾರರ ಕಥೆ, ನಿಮಗೆ ಹಿಡಿಸಬಹುದು" ಎಂದು ಹಳೆಯ ಬ್ರಿಟಿಷ್ ಚಿತ್ರವೊಂದನ್ನು ತನ್ನ ಕಂಪ್ಯೂಟರಿನಲ್ಲಿ ತೋರಿಸಿದ. ಧಾರ್ಮಿಕ ಪತ್ರಿಕೆಯಲ್ಲಿ ಸಿನಿಮಾದ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ವಿವೇಕದ ಮಾತು ಎಲ್ಲಿ ಸಿಕ್ಕರೂ ವಿಶ್ವಾಸಿಯು ಅದನ್ನು ತನ್ನ ಕಳೆದುಹೋದ ವಸ್ತುವಿನಂತೆ ಎತ್ತಿಕೊಳ್ಳಬೇಕೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಅಷ್ಟರ ಮಟ್ಟಿಗೆ ಓದುಗರು ಸಹಿಸಿಕೊಳ್ಳಬೇಕು.

ಚಿತ್ರದ ಹೆಸರು 'ಫೇಮ್ ಈಸ್ ದ ಸ್ಪರ್'. ಸವಾರನು ಮುಳ್ಳು ಚುಚ್ಚಿ ಕುದುರೆಯನ್ನು ಓಡಿಸುವಂತೆ ಕೀರ್ತಿಯ ಆಸೆ ಮನುಷ್ಯನನ್ನು ಓಡಿಸುತ್ತದೆ ಎಂಬುದು ಆ ಹೆಸರಿನ ತಾತ್ಪರ್ಯ. ಹೊವಾರ್ಡ್ ಸ್ಪ್ರಿಂಗ್ ಎಂಬ ಲೇಖಕರ 1940ರ ಕಾದಂಬರಿಯನ್ನು ಆಧರಿಸಿ ಬೋಲ್ಟಿಂಗ್ ಸಹೋದರರು 1947ರಲ್ಲಿ ಇದನ್ನು ತೆರೆಗೆ ತಂದರು. ನಾಯಕನ ಹೆಸರು ಹೇಮರ್ ರಾಡ್‌ಶಾ. ಆ ಪಾತ್ರವನ್ನು ಮೈಕೆಲ್ ರೆಡ್‌ಗ್ರೇವ್ ವಹಿಸಿದ್ದಾರೆ.

ಕಥೆ ಮ್ಯಾಂಚೆಸ್ಟರ್ ನಗರದ ಬಡ ಕೇರಿಯಲ್ಲಿ ಆರಂಭವಾಗುತ್ತದೆ. 1819ರ ಆಗಸ್ಟ್ 16ರಂದು ಆ ನಗರದ ಸೇಂಟ್ ಪೀಟರ್ಸ್ ಮೈದಾನದಲ್ಲಿ ಮತದಾನದ ಹಕ್ಕಿಗಾಗಿ ಸಾವಿರಾರು ಜನ ಸೇರಿದ್ದರು. ಅವರಲ್ಲಿ ನೇಕಾರರು, ಹೆಂಗಸರು, ಮಕ್ಕಳಿದ್ದರು. ಕುದುರೆ ಸವಾರರು ಖಡ್ಗ ಹಿರಿದು ಆ ನಿಶ್ಶಸ್ತ್ರ ಜನರ ಮೇಲೆ ನುಗ್ಗಿದರು. ಹದಿನೈದಕ್ಕೂ ಹೆಚ್ಚು ಮಂದಿ ಸತ್ತರು, ನೂರಾರು ಮಂದಿ ಗಾಯಗೊಂಡರು. ಚರಿತ್ರೆಯಲ್ಲಿ ಇದು ಪೀಟರ್‌ಲೂ ಹತ್ಯಾಕಾಂಡವೆಂದು ಹೆಸರಾಗಿದೆ. ಅಂದು ಸವಾರನೊಬ್ಬನ ಕೈಯಿಂದ ಸಿಕ್ಕಿದ ಖಡ್ಗವೊಂದು ಈ ಬಡವರ ಮನೆಯಲ್ಲಿದೆ. ಮನೆಯ ಹಿರಿಯನು ಅದನ್ನು ಹುಡುಗನಿಗೆ ಒಪ್ಪಿಸುತ್ತಾನೆ. ಬಡವರನ್ನು ಕಡಿದ ಖಡ್ಗವು ಇನ್ನು ಬಡವರ ಪರವಾಗಿ ಎತ್ತಲ್ಪಡಬೇಕು ಎಂಬುದು ಅವನ ಆಶಯ.

ಹುಡುಗ ಬೆಳೆದು ಮಾತುಗಾರನಾಗುತ್ತಾನೆ. ಕಾರ್ಮಿಕರ ಸಭೆಗಳಲ್ಲಿ ಖಡ್ಗವನ್ನೆತ್ತಿ ಹಿಡಿದು ಭಾಷಣ ಮಾಡುತ್ತಾನೆ. ಗಣಿ ಕಾರ್ಮಿಕರು ಅವನ ಮಾತಿಗೆ ಉರಿದೇಳುತ್ತಾರೆ, ಗಲಭೆಯಾಗುತ್ತದೆ, ಜೀವಹಾನಿಯಾಗುತ್ತದೆ. ಅವನಾದರೋ ಮೇಲೇರುತ್ತಲೇ ಹೋಗುತ್ತಾನೆ. ಪಾರ್ಲಿಮೆಂಟು ಸೇರುತ್ತಾನೆ, ಮಂತ್ರಿಯಾಗುತ್ತಾನೆ. ಮಹಿಳೆಯರ ಮತದಾನದ ಹಕ್ಕಿಗಾಗಿ ಹೋರಾಡಿ ಸೆರೆಮನೆ ಕಂಡ ಸ್ವಂತ ಪತ್ನಿಯ ಬೆನ್ನಿಗೂ ಅವನು ಗಟ್ಟಿಯಾಗಿ ನಿಲ್ಲುವುದಿಲ್ಲ. ಕೊನೆಗೆ ತಾನು ಯಾರ ವಿರುದ್ಧ ಗುಡುಗಿದ್ದನೋ ಅವರದೇ ಸಾಲಿನಲ್ಲಿ ಪ್ರಭು ಪದವಿ ಪಡೆದು ಕೂರುತ್ತಾನೆ. ಬ್ರಿಟನ್ನಿನ ಮೊದಲ ಲೇಬರ್ ಪ್ರಧಾನಿ ರಾಮ್ಸೆ ಮೆಕ್‌ಡೊನಾಲ್ಡರ ನೆರಳು ಈ ಪಾತ್ರದಲ್ಲಿದೆ ಎಂದು ಹಲವರು ಭಾವಿಸಿದ್ದುಂಟು.

ವೃದ್ಧಾಪ್ಯದಲ್ಲಿ ಒಂದು ದಿನ ಅವನು ಗೋಡೆಯಲ್ಲಿ ತೂಗಿದ್ದ ಆ ಹಳೆಯ ಖಡ್ಗವನ್ನು ಕೆಳಗಿಳಿಸಿ ಒರೆಯಿಂದ ಎಳೆಯಲು ನೋಡುತ್ತಾನೆ. ಅದು ಬರುವುದಿಲ್ಲ. ಒರೆಯೊಳಗೇ ತುಕ್ಕು ಹಿಡಿದು ಕಚ್ಚಿಕೊಂಡಿದೆ.

ಚಿತ್ರ ಅಲ್ಲಿಗೆ ಮುಗಿಯಿತು. ನಾನು ಮಾತನಾಡದೆ ಕುಳಿತಿದ್ದೆ. ಆಗ ಹುಡುಗ ಹೊರಗೆ ನೋಡಿ ಕೇಳಿದ: "ಮಾಮಾ, ಜಗಲಿಯಲ್ಲಿ ಅವರು ಯಾಕೆ ಅಷ್ಟು ಹೊತ್ತಿನಿಂದ ಕೂತಿದ್ದಾರೆ?"

ಅಲ್ಲಿ ಕುಳಿತಿದ್ದವರು ಅಸ್ಸಾಮಿನ ಐವರು ಕೂಲಿಕಾರರು. ಅವರು ಕುಳಿತದ್ದು ನನ್ನಿಂದ ಬರಬೇಕಾದ ಕೂಲಿಗಾಗಿ.

ತಕ್ಕಡಿಯ ಮುಂದೆ ನಿಂತ ದಿನಗಳು

ಇದನ್ನು ಹೇಳುವ ಮೊದಲು ನನ್ನ ಹಿಂದಿನ ಕಥೆಯನ್ನು ಹೇಳಬೇಕು. ಮೂವತ್ತು ವರ್ಷಗಳ ಹಿಂದೆ, ಓದು ಅರ್ಧಕ್ಕೆ ನಿಂತಾಗ, ಕಾಫಿ ತೋಟವೊಂದರಲ್ಲಿ ರೈಟರ್ ಆಗಿ ಸೇರಿದ್ದೆ. ಹಾಜರಿ ಬರೆಯುವುದು, ಬಟವಾಡೆಯ ಲೆಕ್ಕ ಹಾಕುವುದು, ಕುಯ್ಲಿನ ಕಾಲದಲ್ಲಿ ತೂಕ ಬರೆದುಕೊಳ್ಳುವುದು ನನ್ನ ಕೆಲಸ. ಹಣ್ಣು ಕುಯ್ದವರಿಗೆ ಕಿಲೋ ಲೆಕ್ಕದಲ್ಲಿ ಕೂಲಿ. ಸಂಜೆಯಾಗುತ್ತಲೇ ಲೈನ್ ಮನೆಯ ಹೆಂಗಸರು ಚೀಲ ಹೊತ್ತು ತಕ್ಕಡಿಯ ಮುಂದೆ ಸಾಲಾಗಿ ನಿಲ್ಲುತ್ತಿದ್ದರು. ಎಲೆ ಇದೆ, ತೇವ ಇದೆ ಎಂದು ಹೇಳಿ ಪ್ರತಿ ಚೀಲಕ್ಕೆ ಎರಡು ಕಿಲೋ ಕಡಿಮೆ ಬರೆಯಬೇಕೆಂದು ನನಗೆ ಅಪ್ಪಣೆಯಾಗಿತ್ತು. ಎಲೆ ಇಲ್ಲದ ಚೀಲಕ್ಕೂ ಅದೇ ಲೆಕ್ಕ.

ಒಂದು ಸಂಜೆ ವಯಸ್ಸಾದ ಹೆಂಗಸೊಬ್ಬಳು ತಕ್ಕಡಿಯ ಮುಳ್ಳನ್ನೇ ನೋಡುತ್ತ ನಿಂತಳು. ಅವಳಿಗೆ ಓದು ಬಾರದು, ಆದರೆ ಮುಳ್ಳು ಎಲ್ಲಿ ನಿಂತಿದೆಯೆಂದು ಗೊತ್ತಿತ್ತು. "ರೈಟರ್ರೇ, ನಿಮ್ಮ ಪುಸ್ತಕದಲ್ಲಿ ಹಣ್ಣು ಒಣಗುತ್ತದಾ?" ಎಂದಳು. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಅಳೆದು ಪಡೆಯುವಾಗ ಪೂರ್ತಿ ಪಡೆದು, ಅಳೆದು ಕೊಡುವಾಗ ಕಡಿತ ಮಾಡುವವರಿಗೆ ವಿನಾಶವಿದೆಯೆಂದು ಎಚ್ಚರಿಸುವ 'ಅಲ್ ಮುತಫ್ಫಿಫೀನ್' ಅಧ್ಯಾಯವನ್ನು ನಾನು ಮದ್ರಸದಲ್ಲಿ ಬಾಯಿಪಾಠ ಮಾಡಿದ್ದೆ. ಮಾರನೆಯ ದಿನ, ಇದ್ದ ತೂಕವನ್ನೇ ಬರೆಯುತ್ತೇನೆಂದು ಹೇಳಿದೆ. ಆ ಕುಯ್ಲು ಮುಗಿಯುವಷ್ಟರಲ್ಲಿ ನನ್ನ ಕೆಲಸವೂ ಮುಗಿಯಿತು.

ಅಂದಿನಿಂದ ಈ ಸಂಗತಿಯನ್ನು ನಾನು ಎಷ್ಟೋ ಜನರಿಗೆ ಹೇಳಿಕೊಂಡಿದ್ದೇನೆ. ಮದುವೆ ಮನೆಗಳಲ್ಲಿ, ಮಸೀದಿಯ ಅಂಗಳದಲ್ಲಿ, ಮಕ್ಕಳ ಮುಂದೆ ಹೇಳಿದ್ದೇನೆ. ನಿಜ ಹೇಳಬೇಕೆಂದರೆ, ಅದು ನನ್ನ ಗೋಡೆಯಲ್ಲಿ ತೂಗಿದ್ದ ಖಡ್ಗವಾಗಿತ್ತು.

ಶುಂಠಿ ಮಣ್ಣಲ್ಲಿ, ಕೂಲಿಯೂ ಮಣ್ಣಲ್ಲಿ

ಈಗ ನಾನು ಮೂರು ಎಕರೆ ಗುತ್ತಿಗೆ ಭೂಮಿಯಲ್ಲಿ ಶುಂಠಿ ಬೆಳೆಯುತ್ತೇನೆ. ಈ ಬೆಳೆಯ ಸ್ವಭಾವವನ್ನು ಬಲ್ಲವರೇ ಬಲ್ಲರು. 2023ರಲ್ಲಿ ಶುಂಠಿಗೆ ಹಿಂದೆಂದೂ ಕಾಣದ ಬೆಲೆ ಬಂದಿತು. ಅದನ್ನು ನೋಡಿ ಎಲ್ಲರೂ ಶುಂಠಿ ಹಾಕಿದರು, 2024ರ ಕೊನೆಗೆ ಬೆಲೆ ನೆಲ ಕಚ್ಚಿತು. 60 ಕಿಲೋ ಮೂಟೆಯ ಬೆಲೆ ಕೇಳಿದರೆ ಬಿತ್ತನೆಗೆ ಹಾಕಿದ ಹಣ ನೆನಪಾಗಿ ಎದೆ ಧಸಕ್ಕೆನ್ನುತ್ತಿತ್ತು. ಆದರೆ ಶುಂಠಿಗೆ ಒಂದು ಅನುಕೂಲವಿದೆ. ಬಲಿತ ಗಡ್ಡೆಯನ್ನು ಕೀಳದೆ ಕೆಲವು ಕಾಲ ಮಣ್ಣಲ್ಲೇ ಬಿಟ್ಟು ಬೆಲೆಗಾಗಿ ಕಾಯಬಹುದು. ನಾನೂ ಕಾದೆ.

ಮಡಿ ಏರಿಸಿ, ಕಳೆ ತೆಗೆದು, ಮಳೆಯಲ್ಲಿ ಚರಂಡಿ ಬಿಡಿಸಿ ದುಡಿದವರು ಅಸ್ಸಾಮಿನ ಆರು ಮಂದಿ. ನನ್ನ ಜಮೀನಿನ ಶೆಡ್ಡಿನಲ್ಲೇ ಅವರ ವಾಸ. ಶುಕ್ರವಾರ ನಮ್ಮ ಸಾಲಿನಲ್ಲೇ ನಮಾಝಿಗೆ ನಿಲ್ಲುತ್ತಿದ್ದರು. ವಾರಕ್ಕೊಮ್ಮೆ ಖರ್ಚಿಗೆಂದು ಸ್ವಲ್ಪ ಕೊಟ್ಟು, ಉಳಿದದ್ದನ್ನು ಬೆಳೆ ಮಾರಿದ ಮೇಲೆ ಎಂದು ಬರೆದಿಡುತ್ತ ಬಂದೆ. ಹೀಗೆ ಐದು ವಾರಗಳ ಬಾಕಿ ನಿಂತಿತು. ಅವರಲ್ಲೊಬ್ಬ ಹುಡುಗ ಬಂದು, ತಾಯಿಗೆ ಹುಷಾರಿಲ್ಲ, ಊರಿಗೆ ಹೋಗಬೇಕು, ಲೆಕ್ಕ ಮುಗಿಸಿಕೊಡಿ ಭಾಯ್ ಎಂದು ಹರಕು ಕನ್ನಡದಲ್ಲಿ ಕೇಳಿದ. "ನನಗೇ ದುಡ್ಡು ಬಂದಿಲ್ಲ, ನಿನಗೆ ಎಲ್ಲಿಂದ ತರಲಿ? ಬೇಕಾದರೆ ಹೋಗು, ಆಮೇಲೆ ನೋಡೋಣ" ಎಂದೆ. ರೈಲಿನ ಖರ್ಚಿಗೆ ಜೊತೆಗಾರರಲ್ಲಿ ಸಾಲ ಮಾಡಿ ಅವನು ಹೋದ. ಇದು ನಡೆದದ್ದು ನಾವು ಚಿತ್ರ ನೋಡುವುದಕ್ಕೆ ಹತ್ತು ದಿನ ಮೊದಲು.

ನನ್ನ ಬಾಯಿಂದ ಬಂದ ಆ ಮಾತು ನನ್ನದಾಗಿರಲಿಲ್ಲ. ತೋಟದಲ್ಲಿ ನಾನು ಬಟವಾಡೆಯ ಪುಸ್ತಕ ಹಿಡಿದು ನಿಂತಿದ್ದಾಗ ಸಾಹುಕಾರರು ಆಡುತ್ತಿದ್ದ ಮಾತು ಅದು. ಅಕ್ಷರ ಅಕ್ಷರವೂ ಅದೇ. ಅಂದು ಅದನ್ನು ಕೇಳಿ ಹಲ್ಲು ಕಚ್ಚಿದವನು ಇಂದು ಅದನ್ನೇ ಆಡಿದ್ದೆ, ಆಡಿದ್ದೆನೆಂಬ ಅರಿವೂ ನನಗಿರಲಿಲ್ಲ.

ಧಣಿ ಬದಲಾದರೆ ಸಾಕೇ?

ಇದು ನನ್ನೊಬ್ಬನ ದೋಷವೆಂದು ಹೇಳಿ ಮುಗಿಸುವಂತಿಲ್ಲ. ಇದರಲ್ಲಿ ನಮ್ಮ ಕಾಲದ ದೊಡ್ಡ ಪ್ರಶ್ನೆಯೊಂದು ಅಡಗಿದೆ.

ಹಿಂದಿನ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡು ತಾಲೂಕಿನ ಕಯ್ಯೂರಿನ ಕಥೆ ಕನ್ನಡಿಗರಿಗೆ ಹೊಸದಲ್ಲ. ಜಮೀನ್ದಾರರ ಸುಲಿಗೆಯ ವಿರುದ್ಧ ಅಲ್ಲಿಯ ರೈತರು ಸಂಘಟಿತರಾದರು. 1941ರ ಮಾರ್ಚ್‌ನಲ್ಲಿ ನಡೆದ ಘಟನೆಯಲ್ಲಿ ಪೊಲೀಸನೊಬ್ಬ ಹೊಳೆಯಲ್ಲಿ ಪ್ರಾಣ ಕಳೆದುಕೊಂಡ. 1943ರ ಮಾರ್ಚ್ 29ರಂದು ಕಣ್ಣೂರು ಸೆರೆಮನೆಯಲ್ಲಿ ನಾಲ್ವರನ್ನು ಗಲ್ಲಿಗೇರಿಸಲಾಯಿತು. ಮಠತ್ತಿಲ್ ಅಪ್ಪು, ಕೋಯಿತ್ತಾಟಿಲ್ ಚಿರುಕಂಡನ್, ಪೊಡೋರ ಕುಞಂಬು ನಾಯರ್ ಅವರೊಂದಿಗೆ ಪಳ್ಳಿಕ್ಕಲ್ ಅಬೂಬಕ್ಕರ್ ಕೂಡ ಆ ನೇಣಿಗೇರಿದರು. ನಿರಂಜನರು 'ಚಿರಸ್ಮರಣೆ' ಕಾದಂಬರಿಯಲ್ಲಿ ಆ ಹೋರಾಟವನ್ನು ಕನ್ನಡಕ್ಕೆ ತಂದರು. ಅವರ ಮಾರ್ಗದ ಬಗ್ಗೆ ಯಾರಿಗೆ ಏನೇ ಭಿನ್ನಾಭಿಪ್ರಾಯವಿರಲಿ, ಸತ್ತ ಪೊಲೀಸನ ಜೀವವೂ ಜೀವವೇ ಎಂಬುದನ್ನು ಮರೆಯದಿರೋಣ, ಆದರೆ ಅನ್ಯಾಯದ ವಿರುದ್ಧ ನಿಂತವರ ಧೈರ್ಯವನ್ನು ಅಲ್ಲಗಳೆಯಲಾಗದು. ಆ ನಾಲ್ವರಿಗೆ ತುಕ್ಕು ಹಿಡಿಯಲು ಸಮಯವೇ ಸಿಗಲಿಲ್ಲ. ತುಕ್ಕಿನ ಪರೀಕ್ಷೆ ಇರುವುದು ಬದುಕಿ ಉಳಿದವರಿಗೆ, ಗೆದ್ದವರಿಗೆ.

ಗೆದ್ದವರೂ ಇದ್ದಾರೆ. ದೇವರಾಜ ಅರಸರ ಕಾಲದಲ್ಲಿ, 1974ರ ತಿದ್ದುಪಡಿಯ ಮೂಲಕ ಭೂಸುಧಾರಣಾ ಕಾನೂನು ಗೇಣಿ ಪದ್ಧತಿಯನ್ನು ಕೊನೆಗೊಳಿಸಿತು. ಉಳುವವನೇ ಹೊಲದ ಒಡೆಯನಾದ. ಎಷ್ಟೋ ಮುಸ್ಲಿಮ್ ಗೇಣಿದಾರ ಕುಟುಂಬಗಳು ಆ ಕಾನೂನಿನಿಂದ ತಲೆಯೆತ್ತಿ ನಿಂತವು. ಅದು ದೊಡ್ಡ ನ್ಯಾಯ. ಆದರೆ ಒಡೆಯನಾದ ಗೇಣಿದಾರನ ಅಂಗಳದಲ್ಲಿ ಕೆಲಸಕ್ಕೆ ನಿಂತ ಭೂಮಿಯಿಲ್ಲದ ಆಳಿಗೆ ಏನಾಯಿತು? ಧಣಿಯ ಮನೆಯ ಹಿತ್ತಿಲಲ್ಲಿ ತಾನು ತಲೆತಗ್ಗಿಸಿ ನಿಂತದ್ದನ್ನು ನೆನೆದು ಆಳನ್ನು ಪಕ್ಕದಲ್ಲಿ ಕೂರಿಸಿ ಊಟ ಹಾಕಿದವರಿದ್ದಾರೆ. ಅದನ್ನು ಮರೆಯಲೆಂದೇ ಹಳೆಯ ಧಣಿಗಿಂತ ಗಟ್ಟಿಯಾಗಿ ಗದರಿದವರೂ ಇದ್ದಾರೆ. ಕಾನೂನು ಭೂಮಿಯ ಹಕ್ಕನ್ನು ಬದಲಾಯಿಸಬಲ್ಲದು. ಹಕ್ಕು ಪಡೆದವನ ಹೃದಯವನ್ನು ಬದಲಾಯಿಸುವುದು ಅದರ ಕೈಯಲ್ಲಿಲ್ಲ.

ಕಾಫಿ, ಏಲಕ್ಕಿ, ಮೆಣಸು ಮುಂತಾದ ತೋಟಗಳಿಗೆ ಆ ಕಾನೂನಿನಲ್ಲಿ ವಿನಾಯಿತಿ ಇತ್ತು. ಆದ್ದರಿಂದ ಕೊಡಗಿನ ಲೈನ್ ಮನೆಗಳ ಬದುಕು ಬಹುಮಟ್ಟಿಗೆ ಹಾಗೆಯೇ ಮುಂದುವರಿಯಿತು. 1951ರ ತೋಟ ಕಾರ್ಮಿಕರ ಕಾಯ್ದೆಯು ಮನೆ, ನೀರು, ಔಷಧೋಪಚಾರ, ಶಿಶುಪಾಲನೆಯನ್ನು ಮಾಲೀಕರ ಹೊಣೆಯನ್ನಾಗಿ ಮಾಡಿತು. 1976ರಲ್ಲಿ ಜೀತ ಪದ್ಧತಿಯನ್ನು ರದ್ದುಪಡಿಸುವ ಕಾಯ್ದೆ ಬಂದಿತು. ಹೊಣೆಯನ್ನು ನಿಷ್ಠೆಯಿಂದ ಹೊತ್ತ ಮಾಲೀಕರು ಖಂಡಿತ ಇದ್ದಾರೆ. ಆದರೆ ಮುಂಗಡದ ಸಾಲದಲ್ಲಿ ಸಿಕ್ಕಿ ತಲೆಮಾರುಗಟ್ಟಲೆ ಲೈನ್ ಮನೆಯಿಂದ ಹೊರಬರಲಾಗದವರೂ ಇದ್ದರು. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯ ಕಾಡಿನಂಚಿನಲ್ಲಿ ಆದಿವಾಸಿಗಳ ಗುಡಿಸಲುಗಳನ್ನು ಕೆಡವಿದಾಗ ನಾಡಿಗೆಲ್ಲ ಒಂದು ಸಂಗತಿ ತಿಳಿಯಿತು. ಲೈನ್ ಮನೆಗಳ ಬದುಕು ಸಾಕಾಗಿ, ಸ್ವಂತದ ಒಂದು ಗೂಡಿಗಾಗಿ ಅಲ್ಲಿಗೆ ಬಂದವರು ಅವರಲ್ಲಿ ಅನೇಕರಿದ್ದರು. ಮುಂದೆ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ಅವರಿಗೆ ಪುನರ್ವಸತಿ ಕಲ್ಪಿಸಲಾಯಿತು.

ಇನ್ನು 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳು ಹಳೆಯ ತೋಟ ಕಾರ್ಮಿಕರ ಕಾಯ್ದೆಯನ್ನೂ ತಮ್ಮೊಳಗೆ ಸೇರಿಸಿಕೊಂಡಿವೆ. ದಿನಗೂಲಿಯವನಿಗೆ ಆ ದಿನದ ಪಾಳಿ ಮುಗಿದಾಗಲೇ ಕೂಲಿ ಕೊಡಬೇಕೆಂದು ವೇತನ ಸಂಹಿತೆ ಹೇಳುತ್ತದೆ. ಒಳ್ಳೆಯ ನಿಯಮ. ಆದರೆ ಶಿರಂಗಾಲದ ಶುಂಠಿ ಹೊಲದಲ್ಲಿ ಸಂಜೆ ಆರು ಗಂಟೆಗೆ ಯಾವ ಅಧಿಕಾರಿ ಬಂದು ನಿಲ್ಲುತ್ತಾನೆ? ಅಲ್ಲಿರುವುದು ನಾನು, ಆ ಕೂಲಿಯವನು, ಮತ್ತು ನಮ್ಮಿಬ್ಬರನ್ನೂ ನೋಡುತ್ತಿರುವ ಅಲ್ಲಾಹನು ಮಾತ್ರ.

ಕೂಲಿ ಮಾಡಿದ ಪ್ರವಾದಿಗಳು

ಇಸ್ಲಾಮ್ ಈ ಪ್ರಶ್ನೆಯನ್ನು ಎದುರಿಸುವ ರೀತಿ ಗಮನಾರ್ಹವಾದುದು. ಮಾಲೀಕನೆಲ್ಲ ದುಷ್ಟ, ಕೂಲಿಯವನೆಲ್ಲ ಸಜ್ಜನ ಎಂದು ಅದು ಮನುಷ್ಯರನ್ನು ಎರಡು ಪಾಳೆಯಗಳಾಗಿ ವಿಂಗಡಿಸುವುದಿಲ್ಲ. ಇಂದು ಕೆಳಗಿರುವ ಕೈ ನಾಳೆ ಮೇಲಿರಬಹುದೆಂಬುದನ್ನು ಅದು ಬಲ್ಲದು. ಆದ್ದರಿಂದ ಸಂಪತ್ತನ್ನೂ ಅಧಿಕಾರವನ್ನೂ ಅಮಾನತ್ ಎಂದು ಕರೆದು, ಅದು ಯಾರ ಕೈಗೆ ಬಂದಿದೆಯೋ ಅವನನ್ನೇ ಪ್ರಶ್ನಿಸುತ್ತದೆ.

ಮೂಸಾ(ಅ)ರು ಮದ್‌ಯನಿನಲ್ಲಿ ವರ್ಷಗಟ್ಟಲೆ ದುಡಿದವರು. ಅವರನ್ನು ಕೆಲಸಕ್ಕಿಟ್ಟುಕೊಂಡ ವೃದ್ಧರು ಅವಧಿಯನ್ನು ಮೊದಲೇ ಗೊತ್ತುಪಡಿಸಿ, ಅವರಿಗೆ ಕಷ್ಟ ಕೊಡುವ ಇಚ್ಛೆ ತಮಗಿಲ್ಲವೆಂದು ಮಾತು ಕೊಟ್ಟದ್ದನ್ನು ಪವಿತ್ರ ಕುರ್‌ಆನ್ 'ಅಲ್ ಕಸಸ್' ಅಧ್ಯಾಯದಲ್ಲಿ ತಿಳಿಸುತ್ತದೆ. ನಮ್ಮ ಪ್ರವಾದಿ(ಸ)ರು ಮಕ್ಕಾದವರ ಕುರಿಗಳನ್ನು ಪುಡಿಗಾಸಿನ ಕೂಲಿಗೆ ಮೇಯಿಸಿದವರು. ಅದನ್ನು ಅವರು ಮರೆಮಾಚಲಿಲ್ಲ, ತಾವೇ ಹೇಳಿಕೊಂಡರು. ಮದೀನದಲ್ಲಿ ಆಳ್ವಿಕೆಯ ಹೊಣೆ ಅವರ ಕೈಗೆ ಬಂದಾಗ ಆ ನೆನಪು ಶಾಸನವಾಯಿತು. ಬೆವರು ಆರುವ ಮೊದಲೇ ಕೂಲಿ ಕೊಡಬೇಕೆಂದು ಅವರು ಆದೇಶಿಸಿದರು. ಕೊಡಲು ಶಕ್ತನಾದವನು ಬಾಕಿಯನ್ನು ಮುಂದೂಡುವುದು ಅಕ್ರಮವೆಂದರು. ಕೆಲಸವನ್ನು ಪೂರ್ತಿ ಮಾಡಿಸಿಕೊಂಡು ಕೂಲಿ ಕೊಡದವನ ವಿರುದ್ಧ ಪುನರುತ್ಥಾನ ದಿನ ಅಲ್ಲಾಹನೇ ಪ್ರತಿವಾದಿಯಾಗಿ ನಿಲ್ಲುವನೆಂದು ಎಚ್ಚರಿಸಿದರು. ಯೋಚಿಸಿ ನೋಡಿ. ಲೋಕದ ನ್ಯಾಯಾಲಯದಲ್ಲಿ ಕೂಲಿಯವನಿಗೆ ವಕೀಲನಿಲ್ಲ. ಆ ನ್ಯಾಯಾಲಯದಲ್ಲಿ ಅವನ ಪರ ನಿಲ್ಲುವವನು ನ್ಯಾಯಾಧಿಪತಿಯೇ!

ಅಬೂದರ್(ರ)ರು ತಾವು ಉಟ್ಟಂಥದ್ದೇ ಬಟ್ಟೆಯನ್ನು ತಮ್ಮ ಸೇವಕನಿಗೂ ಉಡಿಸಿದ್ದನ್ನು ಕಂಡು ಜನರು ಕಾರಣ ಕೇಳಿದರು. ಅವರು ತಮ್ಮ ತಪ್ಪಿನಿಂದಲೇ ಉತ್ತರವನ್ನು ಆರಂಭಿಸಿದರು. ಒಬ್ಬನನ್ನು ಅವನ ತಾಯಿಯ ಹೆಸರೆತ್ತಿ ಹೀಯಾಳಿಸಿದ್ದಕ್ಕೆ ಪ್ರವಾದಿ(ಸ)ರು ತಮ್ಮನ್ನು ತಿದ್ದಿದರು, ಕೈಕೆಳಗಿನವರು ನಿಮ್ಮ ಸಹೋದರರು, ನೀವು ಉಣ್ಣುವುದನ್ನು ಉಣಿಸಿ, ಉಡುವುದನ್ನು ಉಡಿಸಿ, ಶಕ್ತಿ ಮೀರಿದ ಕೆಲಸ ಹೇಳಬೇಡಿ ಎಂದು ಕಲಿಸಿದರು ಎಂದು ವಿವರಿಸಿದರು. ತನ್ನ ತಪ್ಪನ್ನು ನೆನಪಿಟ್ಟವನ ಖಡ್ಗಕ್ಕೆ ತುಕ್ಕು ಹಿಡಿಯುವುದಿಲ್ಲ. ತನ್ನ ಸಾಹಸವನ್ನು ಮಾತ್ರ ನೆನಪಿಟ್ಟವನ ಖಡ್ಗಕ್ಕೆ ಹಿಡಿಯುತ್ತದೆ. ನಾನು ನೆನಪಿಟ್ಟದ್ದು ಸಾಹಸವನ್ನು.

ಖಲೀಫಾ ಉಮರ್(ರ)ರು ಒಮ್ಮೆ ಮಕ್ಕಾದಿಂದ ಮರಳುವಾಗ ದಜ್ನಾನ್ ಎಂಬಲ್ಲಿ ನಿಂತರು. ಬಾಲ್ಯದಲ್ಲಿ ಇಲ್ಲಿ ತಂದೆಯ ಒಂಟೆಗಳನ್ನು ಮೇಯಿಸುತ್ತಿದ್ದೆ, ತಂದೆ ಬಹಳ ಕಠಿಣರಾಗಿದ್ದರು, ಇಂದು ನನ್ನ ಮೇಲೆ ಅಲ್ಲಾಹನ ಹೊರತು ಯಾರೂ ಇಲ್ಲ ಎಂದು ಜೊತೆಯವರಿಗೆ ಹೇಳಿದರು. ದೊಡ್ಡ ಸಾಮ್ರಾಜ್ಯದ ಒಡೆಯನು ತನ್ನ ಕುರುಬತನವನ್ನು ಜನರ ಎದುರೇ ನೆನೆದುಕೊಂಡ ಬಗೆ ಇದು. ಮೇಲೆ ಯಾರೂ ಇಲ್ಲವೆಂಬ ಮಾತು ಅಹಂಕಾರಿಯ ಬಾಯಲ್ಲಿ ಸೊಕ್ಕಾಗುತ್ತದೆ. ಉಮರ್(ರ)ರ ಬಾಯಲ್ಲಿ ಅದು ಭಯವಾಗಿತ್ತು. ರಾಡ್‌ಶಾ ಎಂಬ ಆ ನಾಯಕನಿಗೂ ಉಮರ್(ರ)ರಿಗೂ ಇರುವ ಅಂತರ ಇಷ್ಟೇ. ಒಬ್ಬನು ಹಿಂದಿನದನ್ನು ಭಾಷಣಕ್ಕೆ ಬಳಸಿದ, ಇನ್ನೊಬ್ಬರು ತಮ್ಮನ್ನು ಹಿಡಿದಿಡುವ ಕಡಿವಾಣವನ್ನಾಗಿ ಮಾಡಿಕೊಂಡರು.

ರೈತನ ಕಷ್ಟವೂ ಕಷ್ಟವೇ

ಇಷ್ಟು ಓದಿದ ಮೇಲೆ ಕೆಲವು ಬಂಧುಗಳು ಕೇಳಬಹುದು: ಬೆಲೆ ಬಿದ್ದರೆ ರೈತನು ಎಲ್ಲಿಂದ ತರಬೇಕು? ಅವನ ನಷ್ಟಕ್ಕೆ ಯಾರು ಹೊಣೆ? ಇದು ನ್ಯಾಯವಾದ ಪ್ರಶ್ನೆ. ಸಾಲಗಾರನು ನಿಜವಾಗಿಯೂ ಇಕ್ಕಟ್ಟಿನಲ್ಲಿದ್ದರೆ ಅವನಿಗೆ ಕಾಲಾವಕಾಶ ಕೊಡಬೇಕೆಂದು ಕುರ್‌ಆನ್ ಕಲಿಸುತ್ತದೆ. ಸಣ್ಣ ರೈತನ ಸಂಕಟವನ್ನು ದೊಡ್ಡ ಕಂಪೆನಿಯ ಲಾಭಕೋರತನದೊಂದಿಗೆ ಸೇರಿಸಿ ತೂಗಲಾಗದು.

ಆದರೆ ನನ್ನ ವಿಷಯದಲ್ಲಿ ಈ ವಾದ ನಿಲ್ಲಲಿಲ್ಲ. ನನ್ನಲ್ಲಿ ಬೆಳೆ ಇತ್ತು. ಕಡಿಮೆ ಬೆಲೆಗಾದರೂ ಒಂದು ಎಕರೆ ಕಿತ್ತು ಮಾರಿದ್ದರೆ ಆರು ಮಂದಿಯ ಬಾಕಿ ತೀರುತ್ತಿತ್ತು. ನನ್ನ ಪಾಲನ್ನು ಮಣ್ಣಲ್ಲಿಟ್ಟು ಬೆಲೆಗಾಗಿ ಕಾಯುವುದು ನನ್ನ ಹಕ್ಕು. ಅವರ ಕೂಲಿಯನ್ನೂ ಜೊತೆಗೆ ಹೂತಿಟ್ಟು ಕಾಯಲು ನನಗೆ ಹಕ್ಕು ಕೊಟ್ಟವರು ಯಾರು? ಬೆಲೆ ಏರಿದ್ದರೆ ಲಾಭದಲ್ಲಿ ಅವರಿಗೆ ಪಾಲು ಕೊಡುತ್ತಿದ್ದೆನೇ? ಇಲ್ಲ. ಲಾಭವೆಲ್ಲ ನನಗೆ, ಕಾಯುವ ಕಷ್ಟ ಮಾತ್ರ ಅವರಿಗೆ! ಬಡವನ ಬೆವರಿನಿಂದ ಬಡ್ಡಿಯಿಲ್ಲದ ಸಾಲ ಎತ್ತಿ ನಾನು ಜೂಜಾಡುತ್ತಿದ್ದೆ ಎಂಬುದು ಆ ರಾತ್ರಿ ಲೆಕ್ಕ ಹಾಕಿದಾಗ ಹೊಳೆಯಿತು. ತಕ್ಕಡಿಯಲ್ಲಿ ಎರಡು ಕಿಲೋ ಕದಿಯುವುದು ಇದಕ್ಕಿಂತ ಸಣ್ಣ ಕಳ್ಳತನವಾಗಿತ್ತೇನೋ.

ಆ ವಾರವೇ ಒಂದು ಎಕರೆ ಕೀಳಿಸಿದೆ. ಸಿಕ್ಕಿದ ಬೆಲೆಗೆ ಮಾರಿದೆ. ಜಗಲಿಯಲ್ಲಿ ಕುಳಿತಿದ್ದ ಐವರನ್ನು ಒಳಗೆ ಕರೆದು ಕೂರಿಸಿ, ಬಾಕಿ ಎಣಿಸಿ ಕೊಟ್ಟು, ತಡವಾದುದಕ್ಕೆ ಕ್ಷಮೆ ಕೇಳಿದೆ. ಅವರು ಗಲಿಬಿಲಿಗೊಂಡರು. ಮಾಲೀಕನೊಬ್ಬ ಕ್ಷಮೆ ಕೇಳುವುದು ಅವರಿಗೆ ಹೊಸದಾಗಿತ್ತೆಂದು ಕಾಣುತ್ತದೆ. ನನಗೂ ಹೊಸದಾಗಿತ್ತು.

ಆರನೆಯವನ ಲಕೋಟೆ

ಊರಿಗೆ ಹೋದ ಆರನೆಯ ಹುಡುಗನ ಫೋನ್ ನಂಬರು ಈಗ ಕೆಲಸ ಮಾಡುತ್ತಿಲ್ಲ. ಜೊತೆಗಾರರಿಗೆ ಅವನ ಜಿಲ್ಲೆ ಗೊತ್ತು, ಹಳ್ಳಿ ಸರಿಯಾಗಿ ಗೊತ್ತಿಲ್ಲ. ಊರಿಗೆ ಹೋಗುವವರ ಕೈಯಲ್ಲೆಲ್ಲ ಹೇಳಿ ಕಳುಹಿಸಿದ್ದೇನೆ. ಅವನ ತಾಯಿ ಏನಾದಳೋ ನನಗೆ ಗೊತ್ತಿಲ್ಲ.

ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿ ವರದಿಯಾಗಿರುವ ಗುಹೆಯ ಮೂವರ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಬಂಡೆ ಉರುಳಿ ಗುಹೆಯ ಬಾಯಿ ಮುಚ್ಚಿದಾಗ ಮೂವರೂ ತಮ್ಮ ತಮ್ಮ ಪ್ರಾಮಾಣಿಕ ಕರ್ಮವನ್ನು ಮುಂದಿಟ್ಟು ಪ್ರಾರ್ಥಿಸಿದರು. ಅವರಲ್ಲೊಬ್ಬನು ಮಾಲೀಕ. ಅವನ ಕೂಲಿಯವನೊಬ್ಬ ತನಗೆ ಬರಬೇಕಾದ ಒಂದಷ್ಟು ಧಾನ್ಯವನ್ನು ಬಿಟ್ಟು ಹೋಗಿದ್ದ. ಮಾಲೀಕನು ಆ ಧಾನ್ಯವನ್ನು ಬಿತ್ತಿದ, ಬೆಳೆದ, ಬೆಳೆದದ್ದರಿಂದ ದನಗಳನ್ನು ಕೊಂಡ. ಬಹುಕಾಲದ ನಂತರ ಕೂಲಿಯವನು ಬಂದು ತನ್ನ ಹಕ್ಕು ಕೇಳಿದಾಗ ಇಡೀ ಮಂದೆಯನ್ನೂ ಅದರ ಕಾವಲುಗಾರನನ್ನೂ ತೋರಿಸಿ, ಇದೆಲ್ಲ ನಿನ್ನದೇ ಎಂದ. ಗೇಲಿ ಮಾಡಬೇಡ ಎಂದನಂತೆ ಆ ಬಡವ. ಅವನಿಗೆ ನಂಬಿಕೆಯೇ ಬರಲಿಲ್ಲ. ಬಂಡೆ ಸರಿಯಿ‌ತು.

ಆ ಮಾಲೀಕನು ಕೂಲಿಯವನ ಧಾನ್ಯವನ್ನು ಕೂಲಿಯವನಿಗಾಗಿ ಬಿತ್ತಿದ. ನಾನು ನನ್ನ ಕೂಲಿಯವನ ಧಾನ್ಯವನ್ನು ನನಗಾಗಿ ಮಣ್ಣಲ್ಲಿಟ್ಟೆ. ಇಬ್ಬರೂ ರೈತರೇ, ಇಬ್ಬರೂ ಮಾಲೀಕರೇ. ಯಾವ ಸಿದ್ಧಾಂತವೂ ಯಾವ ಪಕ್ಷವೂ ನಮ್ಮಿಬ್ಬರ ನಡುವಿನ ಅಂತರವನ್ನು ಅಳೆಯಲಾರದು.

ಹಕ್ಕುದಾರನನ್ನು ಎಷ್ಟು ಹುಡುಕಿದರೂ ಸಿಗದಿದ್ದರೆ ಅವನ ಹೆಸರಿನಲ್ಲಿ ದಾನ ಮಾಡಬಹುದು, ಆದರೆ ಎಂದಾದರೂ ಅವನು ಬಂದು ಕೇಳಿದರೆ ಕೊಡಲೇಬೇಕು ಎಂದು ವಿದ್ವಾಂಸರು ಹೇಳುತ್ತಾರೆ. ನಾನು ಇನ್ನೂ ದಾನ ಮಾಡಿಲ್ಲ. ಹುಡುಕುವುದು ಮುಗಿದಿದೆ ಎನ್ನಲು ಮನಸ್ಸು ಒಪ್ಪುತ್ತಿಲ್ಲ. ಅವನ ಐದು ವಾರಗಳ ಕೂಲಿ ಲಕೋಟೆಯೊಂದರಲ್ಲಿ ನನ್ನ ಕಪಾಟಿನಲ್ಲಿದೆ. ಮೇಲೆ ಅವನ ಹೆಸರು ಬರೆದು, ನಾನು ಸತ್ತರೆ ಇದು ವಾರಸುದಾರರ ಆಸ್ತಿಯಲ್ಲ ಎಂದು ಮಕ್ಕಳಿಗೆ ಹೇಳಿದ್ದೇನೆ.

ತಕ್ಕಡಿಯ ಕಥೆಯನ್ನು ನಾನೀಗ ಯಾರಿಗೂ ಹೇಳುತ್ತಿಲ್ಲ. ಮಕ್ಕಳು ಕೇಳಿದರೆ ಲಕೋಟೆಯ ಕಥೆ ಹೇಳುತ್ತೇನೆ.

ಪ್ರಿಯ ಓದುಗರೇ, ನಮ್ಮಲ್ಲಿ ಅಂಗಡಿಯವರಿದ್ದೀರಿ, ಗುತ್ತಿಗೆದಾರರಿದ್ದೀರಿ, ಕೊಲ್ಲಿಯಲ್ಲಿ ಪರರ ಕೈಕೆಳಗೆ ದುಡಿದು ಬಂದು ಇಲ್ಲಿ ನಾಲ್ಕು ಜನರಿಗೆ ಕೆಲಸ ಕೊಟ್ಟವರಿದ್ದೀರಿ, ಮನೆಗೆಲಸಕ್ಕೆ ಹೆಂಗಸೊಬ್ಬಳನ್ನು ಇಟ್ಟುಕೊಂಡ ಸಹೋದರಿಯರಿದ್ದೀರಿ. ನಮಗಾದ ಅನ್ಯಾಯದ ಕಥೆಗಳು ನಮ್ಮೆಲ್ಲರ ಬಳಿಯೂ ಇವೆ. ಇಂದು ಸಂಜೆ ಒಮ್ಮೆ ನಮ್ಮ ಮನೆಯ ಜಗಲಿಯನ್ನು ನೋಡೋಣ. ಅಲ್ಲಿ ಯಾರಾದರೂ ಕುಳಿತಿದ್ದಾರೆಯೇ? ಕುಳಿತಿದ್ದರೆ, ಅವರ ಬೆವರು ಆರಿ ಎಷ್ಟು ದಿನವಾಯಿತು?

ಕೈ ಮೇಲಿರುವಾಗಲೂ ನ್ಯಾಯವನ್ನು ಪ್ರೀತಿಸುವ ಹೃದಯವನ್ನು ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ. ಆಮೀನ್.